ಲಗಮವ್ವ ಕೇಳಿದ ಅಪ್ಪಣೆ

ಶಿರೂರಿನ ಲಗಮವ್ವನ ಮಗ ನೀಲಪ್ಪನ ಮೈಮೇಲೆ ದೇವರು ಬಂದನೆಂದು ಊರೆಲ್ಲ ಹಿಗ್ಗಿತು. ಹಿಗ್ಗದವಳು ಹೆತ್ತವಳೊಬ್ಬಳೇ.

ಇಪ್ಪತ್ತು ದಾಟಿದ ಹುಡುಗ. ಕುರಿ ಕಾಯ್ದು ಬಂದವನು ಸಂಜೆ ಬೀರಪ್ಪನ ಗುಡಿಯ ಹಿಂದೆ ಹಿರಿಯರೊಂದಿಗೆ ಕೂತು ಚಿಲುಮೆ ಎಳೆಯುವುದನ್ನು ಕಲಿತಿದ್ದ. ಅಲ್ಲಿ ಬೆಳೆದಿದ್ದ ಗಾಂಜಾಕ್ಕೆ ಯಾರೂ ಗಾಂಜಾ ಎನ್ನುತ್ತಿರಲಿಲ್ಲ. ‘ಅಪ್ಪನ ಸೊಪ್ಪು’ ಎನ್ನುತ್ತಿದ್ದರು. ದೇವರ ಹೆಸರಿಟ್ಟ ಮೇಲೆ ಬೇಡ ಎನ್ನುವ ಬಾಯಿ ಯಾರಿಗಿದೆ? ವರ್ಷ ತುಂಬುವುದರೊಳಗೆ ನೀಲಪ್ಪ ನಿದ್ದೆ ಬಿಟ್ಟ, ಊಟ ಬಿಟ್ಟ, ಒಬ್ಬನೇ ನಗತೊಡಗಿದ. ಕಿವಿಯಲ್ಲಿ ಯಾರೋ ಮಾತಾಡುತ್ತಾರೆ ಎಂದ. ಹಿರಿಯರು ಕೈಮುಗಿದರು. ಕಂಬಳಿ ಹಾಸಿ ಕೂಡಿಸಿ, ಹಣೆಗೆ ಭಂಡಾರ ಬಳಿದು, ಹೇಳಿಕೆ ಕೇಳತೊಡಗಿದರು. ಬೇನೆಗೆ ಕಾಯಿ ಒಡೆದ ಜಾಣರು!

ದೇವರಾದವನಿಗೆ ಊರ ಹೆಂಗಸರೆಲ್ಲ ಹೆಣ್ಣುಮಕ್ಕಳು. ಲಗಮವ್ವ ರೊಟ್ಟಿ ಒಯ್ದರೆ “ಅಲ್ಲಿಡು ಮಗಳ” ಎನ್ನುತ್ತಿದ್ದ. ಯವ್ವಾ ಎಂದು ಕರೆಸಿಕೊಳ್ಳದೆ ಅವಳ ಜೀವ ಒಣಗಿತು.

ಯಾರಿಗೂ ಹೇಳದೆ ಒಬ್ಬಳೇ ಬಾಗಲಕೋಟೆಯ ದವಾಖಾನೆಗೆ ಹೋದಳು. ಡಾಕ್ಟರು ಎಲ್ಲ ಕೇಳಿಕೊಂಡರು.

“ಮೊದಲ ಚಿಲುಮಿ ಬಿಡಸ್ರಿ. ಹುಡುಗನ್ನ ಇಲ್ಲಿಗೆ ಕರಕೊಂಡ ಬರ್ರಿ. ತಡಾ ಮಾಡಬ್ಯಾಡ್ರಿ.”

“ಅವರಪ್ಪ ಮೂವತ್ತ ವರ್ಷದಿಂದ ಸೇದತಾನ್ರಿ. ಅವಗ ಏನೂ ಆಗಿಲ್ಲಲ್ರಿ?”

“ಎಲ್ಲಾರ ತಲಿ ಒಂದ ಥರ ಇರಂಗಿಲ್ಲವ್ವಾ. ಕೆಲವ್ರಿಗೆ ಅದು ತಡಿಯಂಗಿಲ್ಲ.”

ಎಂಬತ್ತಾರನೇ ಇಸವಿಯಲ್ಲಿ ಗಾಂಜಾದ ಹೊಸ ಕಾಯ್ದೆಯ ಬಿಸಿ ಶಿರೂರಿಗೂ ತಟ್ಟಿತು. ಪೊಲೀಸರು ಬಂದು ಗುಡಿಯ ಹಿಂದಿನ ಗಿಡಗಳನ್ನು ಕಿತ್ತೊಯ್ದರು. ಅಂದು ಲಗಮವ್ವ ಹೊಟ್ಟೆ ತುಂಬ ಉಂಡಳು. ಆದರೆ ಸರಕಾರ ಚಾಪೆಯ ಕೆಳಗೆ ತೂರಿದರೆ ಊರು ರಂಗೋಲಿಯ ಕೆಳಗೆ ತೂರಿತು. ಇಳಕಲ್ಲಿನ ಬಸ್ಸಿನಲ್ಲಿ ಕದ್ದು ಪುಡಿಕೆಗಳು ಬರತೊಡಗಿದವು. ಮಾಲು ಮೊದಲಿಗಿಂತ ಜೋರು.

ಕಟ್ಟೆಯ ಮೇಲೆ ದಿನವೂ ಅದೇ ಮಾತು. ಅವಳ ಗಂಡ ಬಂಡೆಪ್ಪನ ದನಿಯೇ ದೊಡ್ಡದು.

“ಸೆರೇದಂಗಡಿಗೆ ಲೈಸನ್ಸ, ನಮ್ಮ ಸೊಪ್ಪಿಗೆ ಜೇಲು! ಇದ್ಯಾವ ನ್ಯಾಯ? ನನಗೇನಾಗೇತಿ ಹೇಳ್ರಿ?”

ಅವನ ಮಾತು ಸುಳ್ಳಲ್ಲ. ಸೆರೆಯ ಕುಡಿತ ನುಂಗಿದ ಮನೆಗಳನ್ನು ಲಗಮವ್ವ ಕಂಡಿದ್ದಳು. ಬಂಡೆಪ್ಪ ಈಗಲೂ ಎತ್ತಿನಂತೆ ದುಡಿಯುತ್ತಿದ್ದ. ಆದರೂ ಅವಳಿಗೆ ತಡೆಯಲಾಗಲಿಲ್ಲ.

“ಲೈಸನ್ಸ ಕೊಡಲಿ, ಬಿಡಲಿ. ನನ್ನ ಮಗಗ ಮಾತ್ರ ಕೊಡಬ್ಯಾಡ್ರಿ. ಅವನ್ನ ನಾ ದವಾಖಾನಿಗೆ ಒಯ್ಯತೇನಿ.”

ಗುಡಿಯ ಹಿರಿಯ ಗುರಪ್ಪ ಕೆರಳಿದ. “ದೇವರ ಕುಂತ ಮೈ ಅದು. ದೇವರ ಅಪ್ಪಣಿ ಇಲ್ದ ಎಬ್ಬಸಾಕ ಬರಂಗಿಲ್ಲ!”

ಅಂದಿನಿಂದ ಬಾವಿಯಲ್ಲಿ ಹೆಂಗಸರು ಕೊಡ ಸರಿಸಿಕೊಂಡು ನಿಲ್ಲತೊಡಗಿದರು. ಗಂಡ ಕುರಿಹಟ್ಟಿಯಲ್ಲೇ ಮಲಗಿದ. ಲಗಮವ್ವ ತನ್ನೊಬ್ಬಳಿಗಾಗಿ ರೊಟ್ಟಿ ತಟ್ಟಿ, ಅದನ್ನೂ ಅರ್ಧ ಬಿಟ್ಟೇಳುತ್ತಿದ್ದಳು. ಬದುಕಿರುವ ಮಗನಿಗಾಗಿ ಸತ್ತವನಿಗೆ ಅಳುವಂತೆ ಅಳುತ್ತಿದ್ದಳು.

ಅಪ್ಪಣೆ ಬೇಕು ತಾನೆ? ಒಂದು ಭಾನುವಾರ ತೆಂಗಿನಕಾಯಿ ಹಿಡಿದು ಎಲ್ಲರಂತೆ ತಾನೂ ಪಾಳಿಯಲ್ಲಿ ನಿಂತಳು. ಸರದಿ ಬಂದಾಗ ತಾನು ಹಡೆದವನ ಕಾಲಿಗೆ ಹಣೆ ಹಚ್ಚಿದಳು.

“ಏನ ಬೇಕು ಮಗಳ?”

“ಯಪ್ಪಾ, ನನ್ನ ಮಗಗ ಆರಾಮಿಲ್ಲ. ದವಾಖಾನಿಗೆ ಒಯ್ಯಾಕ ಅಪ್ಪಣಿ ಕೊಡು.”

ನೀಲಪ್ಪ ಅವಳತ್ತ ಬಾಗಿದ. ಭಂಡಾರ ತೆಗೆದು ಅವಳ ಕೈಗಿಟ್ಟ.

“ಒಯ್ಯಿ ಮಗಳ. ಎಲ್ಲದಾನ ಅವ?”

ಗುರಪ್ಪ ತುಟಿ ಕಚ್ಚಿಕೊಂಡ. ದೇವರೇ ಕೊಟ್ಟ ಅಪ್ಪಣೆ, ಇನ್ನು ತಡೆಯುವಂತಿರಲಿಲ್ಲ.

“ದವಾಖಾನ್ಯಾಗ ಸಿಗತಾನಂತ,” ಎಂದಳು ಲಗಮವ್ವ. “ನೀನೂ ಬಾ ನನ್ನ ಜೋಡಿ.”

ಅವನು ಎದ್ದು ಬಂದ. ಬಸ್‌ಸ್ಟ್ಯಾಂಡಿನ ತನಕ ಯಾರೂ ಜೊತೆಗೆ ಬರಲಿಲ್ಲ. ಬಸ್ಸಿನಲ್ಲಿ ಕಿಟಕಿಗೆ ಮುಖ ಕೊಟ್ಟು ಕೂತವನು, ದಾರಿಯಲ್ಲಿ ಕಂಡ ಹುಡುಗರನ್ನೆಲ್ಲ ತೋರಿಸಿ “ಇವನೇನ? ಅವನೇನ?” ಎಂದು ಕೇಳತೊಡಗಿದ. ಲಗಮವ್ವ ಇಲ್ಲ, ಇಲ್ಲ ಎಂದು ತಲೆಯಾಡಿಸುತ್ತಲೇ ಇದ್ದಳು. ಕೊನೆಗೆ ಸೆರಗು ಬಾಯಿಗೊತ್ತಿಕೊಂಡು ಅತ್ತುಬಿಟ್ಟಳು. ನೀಲಪ್ಪ ತಿರುಗಿ ಅವಳ ತಲೆಯ ಮೇಲೆ ಕೈಯಿಟ್ಟ.

“ಅಳಬ್ಯಾಡ ಮಗಳ. ನಿನ್ನ ಮಗ ಸಿಗತಾನ.”