ಮಾವಿನ ಮರಕ್ಕೆ ಬಿಗಿದ ತಂತಿ

ಗುಜರಿಯವನು ಬಂದಿದ್ದಾನೆ ಅಂತ ಮೊನ್ನೆ ಸೊಸೆ ಹಿತ್ತಿಲೆಲ್ಲ ಕೆದಕಿ, ತುಕ್ಕು ಹಿಡಿದ ತಂತಿಯ ಬಳೆಯೊಂದನ್ನು ತಂದು ಹಿಡಿದಳು. "ಇದ್ಯಾವ್ದತ್ತೆ, ಹಾಕ್ಬುಡ್ಲಾ?" ಅಂದಳು. ನೋಡಿದ ಕೂಡಲೇ ಗ್ರೀಸಿನ ವಾಸನೆ ಬಂದ ಹಾಗಾಯಿತು. ಗ್ರೀಸು ಆರಿ ಎಷ್ಟು ಕಾಲವಾಯಿತೋ...

ಚನ್ನಪಟ್ಟಣದ ನಮ್ಮ ಈ ಹಿತ್ತಿಲಿಗೆ ಬೆನ್ನು ಕೊಟ್ಟ ಮನೆಯಲ್ಲಿ ಆಗ ಒಬ್ಬನಿದ್ದ. ಹಡಗಿನ ಕೆಲಸ ಮುಗಿಸಿ ಊರಿಗೆ ಬಂದವನು. ಕಣ್ವ ಜಲಾಶಯದಲ್ಲಿ ಬಿಡಲು ಚಿಕ್ಕ ಹಾಯಿದೋಣಿ ಇಟ್ಟಿದ್ದ. ದೋಣಿಯವನು ಅನ್ನುತ್ತಿದ್ದೆವು. ಬೇಸಿಗೆಯಲ್ಲಿ ನೀರು ಇಳಿದರೆ ದೋಣಿಯ ಕಂಬ ಬಿಚ್ಚಿ, ಹಗ್ಗ, ತಂತಿ ಎಲ್ಲ ಹಿತ್ತಿಲಲ್ಲಿ ಹರಡಿ ಗ್ರೀಸು ಹಚ್ಚುತ್ತಿದ್ದ. ನಾನು ರೇಷ್ಮೆ ನೂಲು ಬಿಚ್ಚುವ ಕೆಲಸದವಳು. ಹಗ್ಗದ ತುದಿ ಎಳೆ ಬಿಚ್ಚದಂತೆ ಉಳಿಕೆ ನೂಲು ಸುತ್ತಿ ಕೊಡುತ್ತಿದ್ದೆ. ಅವನು ಕೆರೆಗೋಡು ಮಣ್ಣು ತಂದು ನನ್ನ ಮಾವಿನ ಬುಡಕ್ಕೆ ಹಾಕುತ್ತಿದ್ದ.

ಆ ಮರ ಕೋಡಿಹಳ್ಳಿಯ ನನ್ನ ತವರಿನ ಮರದ ಕಸಿ. ತಾಯಿಮರವನ್ನು ಅಣ್ಣ ಕಡಿಸಿದ್ದ. ಉಳಿದದ್ದು ಇದೊಂದೇ.

ಒಂದು ಬೇಸಿಗೆ, ಕಂಬವನ್ನು ಎಳೆದು ನಿಲ್ಲಿಸುವ ತಂತಿ ಹೊಸದು ತಂದ. ಹೊಸ ತಂತಿ ಹಿಗ್ಗುತ್ತದಂತೆ, ಮೊದಲೇ ಬಿಗಿದಿಡಬೇಕಂತೆ. ಒಂದು ತುದಿ ಅವನ ಬಾವಿಯ ಕಲ್ಲಿಗೆ, ಇನ್ನೊಂದು ನನ್ನ ಮರಕ್ಕೆ.

"ಏನಯ್ಯಾ, ದೋಣಿ ನಿಂದು, ಉರ್ಲು ನನ್ ಮರುಕ್ಕಾ?" ಅಂದೆ.

"ಮಳೆಗ್ ಮುಂಚೆ ಬಿಚ್ಬುಡ್ತೀನಿ ಕಣಕ್ಕ. ಮರ ಏನು ಓಡೋಯ್ತದಾ?"

ಮಳೆ ಬಿತ್ತು. ತಂತಿ ಇರಲಿಲ್ಲ. ಮರಕ್ಕೆ ಗೋಣಿ ಸುತ್ತಿತ್ತು.

"ಸಿಪ್ಪೆ ಒಸಿ ತರಚೈತೆ ಅಕ್ಕ, ಮಾಯ್ಲಿ. ಗೋಣಿ ಮುಟ್ಬೇಡ" ಅಂದ. ಮುಟ್ಟಲಿಲ್ಲ.

ಮುಂದಿನ ಬೇಸಿಗೆ ಮರ ಎಂದೂ ಕಾಣದಷ್ಟು ಕಾಯಿ ಹಿಡಿಯಿತು. ಕೊಂಬೆಗಳಿಗೆ ಊರುಗೋಲು ಕೊಟ್ಟೆ. ಕೆರೆಗೋಡಿನ ಗುಣ ಅಂತ ಮೊದಲ ಬುಟ್ಟಿ ಅವನಿಗೇ ಒಯ್ದೆ. ತಿಂದ. ಓಟೆ ಚೀಪಿದ. "ನನ್ ದೋಣಿ ಕಾಲ್ಗುಣ ಕಣಕ್ಕ" ಅಂದ. ಮಳೆ ಹಿಡಿಯುವ ಹೊತ್ತಿಗೆ ಮನೆ ಮಾರಿ, ದೋಣಿಯನ್ನು ಲಾರಿಗೆ ಹಾಕಿಸಿಕೊಂಡು ಹೊರಟುಹೋದ...

ಎಲೆ ಬಾಡತೊಡಗಿದ ಮೇಲೆ ಗೋಣಿ ಕಿತ್ತೆ. ತೊಗಟೆಯೊಳಗೆ ತಂತಿ ಹೂತು ಕೂತಿತ್ತು. ಬಿಡಿಸಲಾಗದೆ, ತನಗೆ ಬೇಕಾದಷ್ಟು ಕತ್ತರಿಸಿಕೊಂಡು ಸುತ್ತನ್ನು ಅಲ್ಲೇ ಬಿಟ್ಟಿದ್ದ. ಕತ್ತರಿಸಿದ ತುದಿಗೆ ಗ್ರೀಸು ಹಚ್ಚಿದ್ದ, ತುಕ್ಕು ಹಿಡಿಯಬಾರದೆಂದು. ಕುತ್ತಿಗೆ ಬಿಗಿದ ಮರ ಸಾಯುವ ಮುಂಚೆ ಮೈತುಂಬ ಕಾಯಿ ಬಿಡುತ್ತದಂತೆ, ತೋಟದವರು ಆಮೇಲೆ ಹೇಳಿದರು. ಬಿಡಿಸಲಾಗಲಿಲ್ಲ ಅಂತ ಒಂದು ಮಾತು ಅಂದಿದ್ದರೆ ಉಳಿ ಹಿಡಿದು ನಾನೇ ಬಿಡಿಸುತ್ತಿದ್ದೆ. ಗೊತ್ತಿದ್ದೇ ಹಣ್ಣು ತಿಂದ. ಒಣಗಿದ ಮರ ಕಡಿಸುವಾಗ ಕಸಿ ಮಾಡಲು ಒಂದು ಹಸಿ ಕಡ್ಡಿಯೂ ಸಿಕ್ಕಲಿಲ್ಲ; ಕಾಂಡದಿಂದ ಕಳಚಿದ ಈ ಬಳೆ ಹಿತ್ತಿಲಲ್ಲೇ ಉಳಿಯಿತು.

ಸೊಸೆ ಕಾಯುತ್ತಿದ್ದಳು. "ಹಾಕ್ಬುಡು" ಅಂದೆ.

ಗುಜರಿಯವನು ಅದನ್ನು ತುಳಿದು ಚಪ್ಪಟೆ ಮಾಡಿ ಚೀಲಕ್ಕೆ ತುಂಬಿಕೊಂಡ. ಅಲ್ಲಿಯತನಕ ಅದು ಗುಂಡಗೇ ಇತ್ತು, ನನ್ನ ಮರದ ಅಳತೆಗೆ.