ಐಲೀನ್ ಅವರು ಹಿಂದಿರುಗಿಸಿದ ತಟ್ಟೆ

ಬ್ರಿಸ್ಬೇನಿನ ಸಮಾಜಶಾಸ್ತ್ರ ವಲಯದಲ್ಲಿ ಡಾ. ಐಲೀನ್ ಪೆಟ್ಟಿಗ್ರೂ ಅವರ ಹೆಸರು ಕೇಳದವರಿಲ್ಲ. ಸಿದ್ಧಾಂತವೆಂದರೆ ಹೆದರಿ ಹಿಂದೆ ಸರಿಯುತ್ತಿದ್ದ ವಿದ್ಯಾರ್ಥಿಗಳನ್ನು ಒಂದೇ ಮೇಜಿನ ಸುತ್ತ ಕೂರಿಸಿ, ಗುರುವಾರಕ್ಕೆ ಎರಡೇ ಪುಟದಂತೆ ಗಟ್ಟಿಯಾಗಿ ಓದಿಸಿ, ಓದಿದ್ದರ ಮೇಲೆ ಮನಸಾರೆ ಜಗಳವಾಡಿಸಿದವರು ಅವರು. ಮೂವತ್ತೊಂದು ವರ್ಷಗಳ ಹಿಂದೆ ಐದು ಜನರಿಂದ ಅವರು ಆರಂಭಿಸಿದ ಸಮಾಜ ಸಿದ್ಧಾಂತ ಅಧ್ಯಯನ ಮಂಡಳಿ ಇಂದಿಗೂ ನಡೆಯುತ್ತಿದೆ. ಅವರ ಗ್ರಂಥಗಳನ್ನು ಕುರಿತು ಈ ಅಭಿನಂದನ ಸಂಪುಟದಲ್ಲಿ ನನಗಿಂತ ಬಲ್ಲವರು ಬರೆದಿದ್ದಾರೆ. ನಾನು ಒಂದು ಅಲ್ಯೂಮಿನಿಯಂ ತಟ್ಟೆಯ ವಿಷಯ ಬರೆಯುತ್ತೇನೆ ಎಂದಾಗ ಸಂಪಾದಕರು ಹುಬ್ಬೇರಿಸಿದರು, ಏರಿಸಲಿ.

ನಾನು ಮಂಡಳಿಗೆ ಸೇರಿದ್ದು ಹತ್ತೊಂಬತ್ತು ವರ್ಷಗಳ ಹಿಂದೆ, ಸಂಶೋಧನೆಯ ಮೊದಲ ವರ್ಷದಲ್ಲಿ. ಪೆಸಿಫಿಕ್ ಸಾಗರದ ಸಮೋವಾ ದ್ವೀಪದಿಂದ ಬಂದು ಬ್ರಿಸ್ಬೇನಿನ ಪಕ್ಕದ ಲೋಗನ್ನಿನಲ್ಲಿ ನೆಲೆಸಿದ ನಮ್ಮಂಥ ಕುಟುಂಬಗಳಲ್ಲಿ ಮದುವೆಗೆ, ಸಾವಿಗೆ ಬಂಧುಗಳು ನೇಯ್ದ ಚಾಪೆಯನ್ನೋ ಊಟವನ್ನೋ ಹೊತ್ತು ತರುವ ಮುಯ್ಯಿಯ ಪದ್ಧತಿಯೇ ನನ್ನ ವಿಷಯ. ಆ ಅವಧಿಯಲ್ಲಿ ಮಂಡಳಿ ಓದುತ್ತಿದ್ದುದೂ ಉಡುಗೊರೆಯ ಸಿದ್ಧಾಂತವನ್ನೇ. ನಾಲ್ಕು ಜನರಿದ್ದಲ್ಲಿಗೆ ಬರಿಗೈಯಲ್ಲಿ ಹೋಗಬಾರದೆಂದು ನಮ್ಮಮ್ಮ ಫೆತು ಪ್ರತಿ ಗುರುವಾರ ತೆಂಗಿನ ಹಾಲಿನಲ್ಲಿ ಬೇಯಿಸಿದ ಬನ್ನುಗಳನ್ನು ತಟ್ಟೆ ತುಂಬ ಕಳಿಸುತ್ತಿದ್ದಳು. ಎಲ್ಲರೂ ಚಪ್ಪರಿಸಿ ತಿನ್ನುತ್ತಿದ್ದರು. ಐಲೀನ್ ಅವರು ಎರಡು ತಿನ್ನುತ್ತಿದ್ದರು. ತಿನ್ನುತ್ತಲೇ, ಬೆರಳಿಗಂಟಿದ ಸಿಹಿಯನ್ನು ಒರೆಸಿಕೊಳ್ಳುತ್ತಲೇ, ತಿರುಗಿ ಕೊಡಲೇಬೇಕಾದದ್ದು ಉಡುಗೊರೆಯೇ ಅಲ್ಲ, ಅದು ಬಂಧುಗಳ ಮೇಲಿನ ಹೇರಿಕೆ ಎಂದು ವಾದಿಸುತ್ತಿದ್ದರು. ನಾನು ಅದನ್ನೂ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೆ.

ತಟ್ಟೆ ಮಾತ್ರ ತೊಳೆಯದೆ, ಖಾಲಿಯಾಗಿ ಮನೆಗೆ ಮರಳುತ್ತಿತ್ತು.

"ಇವತ್ತೂ ಬರೀ ತಟ್ಟೆನಾ?" ಎಂದು ಅಮ್ಮ ಕೇಳುವಳು. "ಒಂದು ಬಾಳೆಹಣ್ಣಾದ್ರೂ ಇಟ್ಟು ಕಳಿಸ್ಬಾರ್ದಾ? ಅಷ್ಟೊಂದು ಓದಿದೋರಿಗೆ ಇಷ್ಟೂ ಗೊತ್ತಾಗಲ್ವಾ?"

"ಅವ್ರಲ್ಲಿ ಹಾಗಿಲ್ಲಮ್ಮ."

"ಮತ್ತೆ ಅಲ್ಲಿ ಕೂತು ಏನ್ ಓದ್ತೀರೇ, ಮಸೀನಾ?"

"ಇದನ್ನೇ" ಎಂದೆ. ಅಮ್ಮ ನಕ್ಕ ನಗು ಪಕ್ಕದ ಮನೆಗೂ ಕೇಳಿಸಿರಬೇಕು.

ನನಗೆ ನಗು ಬರಲಿಲ್ಲ. ನಮ್ಮ ಮನೆಯ ಬದುಕನ್ನೇ ಓದುತ್ತಿರುವ ಜಾಗದಲ್ಲಿ ನಮ್ಮ ಮನೆಯವರು ಕಣ್ಣಿಗೆ ಬೀಳದಿದ್ದರೆ, ನಾನು ಬರೆಯಲಿರುವ ಪ್ರಬಂಧವನ್ನು ಯಾರು ತಾನೇ ಓದಿಯಾರು? ನಾನು ಅರೆಕಾಲಿಕವಾಗಿ ದುಡಿಯುತ್ತಿದ್ದ ವೃದ್ಧಾಶ್ರಮದವರು ಖಾಯಂ ಕೆಲಸ ಕೊಡಲು ಸಿದ್ಧರಿದ್ದರು. ಸೋಮವಾರದೊಳಗೆ ಉತ್ತರ ಹೇಳಬೇಕಿತ್ತು. ಹನ್ನೊಂದನೆಯ ಗುರುವಾರ ತಟ್ಟೆಯನ್ನು ಬೇಕೆಂದೇ ಮೇಜಿನ ಮೇಲೆ ಬಿಟ್ಟು ಬಂದೆ. ಸಂಶೋಧನೆಗೂ ಮಂಡಳಿಗೂ ಅಂದೇ ಕೈಮುಗಿದಿದ್ದೆ.

ಶನಿವಾರ ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದಾಯಿತು. ಕಾರು ಓಡಿಸಲು ಬಾರದ ಐಲೀನ್ ಅವರು ರೈಲು, ಬಸ್ಸು ಹಿಡಿದು, ಬಟ್ಟೆ ಮುಚ್ಚಿದ ಆ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. ನನ್ನನ್ನು ದಾಟಿ ನೇರವಾಗಿ ಅಮ್ಮನ ಮುಂದೆ ಹೋದರು.

"ತಟ್ಟೆ ತೊಳೆಯೋಣ ಅಂತ ಎತ್ಕೊಂಡೆ. ಆಗ ತಲೆಗೆ ಹೊಳೀತು. ಹನ್ನೊಂದು ವಾರ ನಿಮ್ಮನೇದು ತಿಂದಿದೀವಿ, ತಿಂತಾ ತಿಂತಾನೇ ಉಡುಗೊರೆ ಅಂದ್ರೇನು ಅಂತ ಕಿತ್ತಾಡಿದೀವಿ. ಮಾಡ್ದೋರು ಯಾರು ಅಂತ ಒಬ್ರೂ ಕೇಳ್ಲಿಲ್ಲ. ನಾನಂತೂ ಎರಡೆರಡು ತಿಂದೆ. ನಾಚಿಕೆ ಆಯ್ತು."

ಅಮ್ಮ ಬಟ್ಟೆ ಸರಿಸಿದಳು. ಅಂಚು ಸೀದು, ನಡುವೆ ಕುಸಿದ ನಿಂಬೆಹಣ್ಣಿನ ಕೇಕು.

"ಇದೇನು ಟೀಚರಮ್ಮಾ, ಕೇಕಾ, ಇಟ್ಟಿಗೆನಾ?"

"ಕೇಕೇ. ಮೊದಲ್ನೇದು ಇನ್ನೂ ಕೆಟ್ಟದಾಗಿತ್ತು, ಕಸಕ್ಕೆ ಹಾಕ್ದೆ."

"ಕೂತ್ಕೊಳ್ಳಿ, ಊಟ ಮಾಡಿ. ಇದನ್ನ ಹಲ್ಲು ಗಟ್ಟಿ ಇರೋರು ತಿಂತಾರೆ."

ಹಾಗೆಂದವಳು ಅದನ್ನು ಮನೆಮಂದಿಗೆಲ್ಲ ಹಂಚಿ, ತಾನೂ ಒಂದು ಚೂರೂ ಬಿಡದೆ ತಿಂದಳು. ಹೊರಡುವ ಹೊತ್ತಿಗೆ ಅದೇ ತಟ್ಟೆಗೆ ಬೇಯಿಸಿದ ಕೆಸುವಿನ ಗೆಡ್ಡೆ, ಸುಟ್ಟ ಕೋಳಿ ತುಂಬಿ ಐಲೀನ್ ಅವರ ಕೈಗಿತ್ತಳು.

"ಹಾಗಾದ್ರೆ ನಾನು ಮತ್ತೆ ಬರಬೇಕಾಗುತ್ತಲ್ಲ?" ಎಂದರು ಅವರು.

"ಮತ್ತೆ? ತಟ್ಟೆ ಇರೋದು ಯಾತಕ್ಕೆ?" ಎಂದಳು ಅಮ್ಮ.

ಸೋಮವಾರ ವೃದ್ಧಾಶ್ರಮಕ್ಕೆ ಫೋನ್ ಮಾಡಿ ಖಾಯಂ ಕೆಲಸ ಬೇಡವೆಂದೆ.

ಮುಂದಿನ ಗುರುವಾರ ಅಳುಕುತ್ತಲೇ ಹೋದೆ. ನಮ್ಮ ವೃತ್ತಿಯವರಿಗೆ ಏನು ಸಿಕ್ಕರೂ ಅದೊಂದು ಉದಾಹರಣೆ. ಅಮ್ಮನೂ ಉದಾಹರಣೆಯಾಗಿಬಿಡುವಳೆಂಬ ಭಯ. ಐಲೀನ್ ಅವರು ನಮ್ಮ ಮನೆಯ ಸುದ್ದಿಯನ್ನೇ ಎತ್ತಲಿಲ್ಲ. ಮಂಡಳಿಯ ನಡಾವಳಿ ಪುಸ್ತಕದಲ್ಲಿ ತಮ್ಮ ಕೈಯಾರೆ ಹೀಗೆ ಬರೆದು ಓದಿದರು: "ಉಡುಗೊರೆಯ ಬಗ್ಗೆ ನಾನು ಮಂಡಿಸಿದ ವಾದವನ್ನು ಹಿಂತೆಗೆದುಕೊಳ್ಳುತ್ತೇನೆ. ಕಾರಣಗಳನ್ನು ಮಸೀನಾ ತನ್ನ ಪ್ರಬಂಧದಲ್ಲಿ ಬರೆಯುತ್ತಾಳೆ. ಕಾಯೋಣ."

ನಾಲ್ಕು ವರ್ಷ ಕಾದರು. ಪ್ರತಿ ಅಧ್ಯಾಯವನ್ನೂ ಮೂರು ಸಲ ಓದಿ, ಮೂರು ಸಲವೂ ಕೆಂಪು ಶಾಯಿಯಲ್ಲಿ ಜಗಳ ಕಾದರು. ಪದವಿ ಬಂದ ಮೇಲೆ ಅದೇ ವಿಭಾಗದಲ್ಲಿ ನನಗೆ ಕೆಲಸ ಸಿಕ್ಕಿತು, ಕಳೆದ ವರ್ಷ ಮಂಡಳಿಯ ಹೊಣೆಯನ್ನೂ ಅವರು ನನಗೊಪ್ಪಿಸಿದರು. ಈ ನಡುವೆ ವರ್ಷಗಟ್ಟಲೆ ತಟ್ಟೆ ಎರಡು ಮನೆಗಳ ನಡುವೆ ಓಡಾಡಿತು. ಐಲೀನ್ ಅವರ ಕೇಕು ಸುಧಾರಿಸಲಿಲ್ಲ. ಅಮ್ಮನ ಕುಚೋದ್ಯವೂ ನಿಲ್ಲಲಿಲ್ಲ.

ಎರಡು ವರ್ಷಗಳ ಹಿಂದೆ ಅಮ್ಮ ತೀರಿಕೊಂಡಳು. ಚರ್ಚಿನ ಸಭಾಂಗಣದಲ್ಲಿ ಬಂಧುಗಳು ಚಾಪೆಗಳನ್ನು ಬಿಡಿಸಿ ಒಪ್ಪಿಸುತ್ತಿದ್ದಾಗ, ಆ ಸಾಲಿನ ಕೊನೆಯಲ್ಲಿ ಐಲೀನ್ ಅವರು ತಟ್ಟೆ ಹಿಡಿದು ನಿಂತಿದ್ದರು. ಅದರಲ್ಲಿ ನಡುವೆ ಕುಸಿದ ಕೇಕು. ಮಂಡಿ ನೋವಿದ್ದರೂ ನೆಲದ ಮೇಲೆ ಎಲ್ಲರ ಜೊತೆ ಕಾಲು ಮಡಚಿ ಕೂತರು. ಅಲ್ಲಿಯವರೆಗೆ ಗಟ್ಟಿಯಾಗಿದ್ದ ನಾನು ಆ ಕೇಕನ್ನು ಕಂಡು ಅತ್ತುಬಿಟ್ಟೆ.

ಅಂದಿನಿಂದ ತಟ್ಟೆ ನನ್ನ ಬಳಿಯೇ ಉಳಿದಿದೆ. ತುಂಬಿ ಕಳಿಸಬೇಕಾದವಳು ಇಲ್ಲವೆಂದು ಅದನ್ನು ಎತ್ತಿಟ್ಟಿದ್ದೆ. ಈಗ ಅದು ತಪ್ಪೆನಿಸಿದೆ. ಅಮ್ಮನ ಬನ್ನುಗಳನ್ನು ನಾನೇ ಕಲಿತಿದ್ದೇನೆ, ಅವಳ ಕೈರುಚಿ ಬರದಿದ್ದರೂ ತಿನ್ನುವಂತಿರುತ್ತವೆ. ಈ ಸಂಪುಟವನ್ನು ಅರ್ಪಿಸುವ ದಿನ ತಟ್ಟೆಯನ್ನೂ ತುಂಬಿ ಐಲೀನ್ ಅವರ ಕೈಗಿಡುತ್ತೇನೆ. ಅವರ ಮಂಡಿಗಳಿಗೆ ಬಲ ಬರಲಿ, ಅವರ ಕೆಂಪು ಶಾಯಿ ಬತ್ತದಿರಲಿ, ಅವರು ಬಹುಕಾಲ ನಮ್ಮೊಡನೆ ಜಗಳವಾಡುತ್ತಿರಲಿ. ಮರುವಾರದ ಶನಿವಾರ ಮಧ್ಯಾಹ್ನ ನಾನು ಲೋಗನ್ನಿನ ಮನೆಯ ಬಾಗಿಲು ತೆರೆದಿಟ್ಟು ಕಾದಿರುತ್ತೇನೆ. ಕೇಕು ಈ ಸಲವೂ ಸೀದಿರಲಿ.