ಇದು ಯಾರ ಹದ್ದು?

‘ಇದು ಯಾರ ಹದ್ದು ಸಾರ್?’

ಮುನಿಯಮ್ಮ ಹೀಗೆ ಕೇಳಿದಾಗ ನನ್ನ ಎದೆ ಧಸಕ್ಕೆಂದಿತು. (ಅದಕ್ಕೆ ದೊಡ್ಡ ಕಾರಣವೇನೂ ಬೇಕಿಲ್ಲ. ಪೋಸ್ಟ್‌ಮ್ಯಾನ್ ಸೈಕಲ್ ಬೆಲ್ ಹೊಡೆದರೂ ಸಾಕು.) ಮೂರು ಭಾನುವಾರ ಕಾದು, ಅವರದೇ ಹದ್ದಿನ ಫೋಟೋ ತೆಗೆದು, ದೊಡ್ಡದು ಮಾಡಿಸಿ ಕೈಗಿಟ್ಟಿದ್ದೆ. ಅವರು ಅದನ್ನು ಯಾರದೋ ಮದುವೆಯ ಫೋಟೋ ನೋಡಿದಂತೆ ನೋಡಿ ವಾಪಸ್ ಕೊಟ್ಟರು.

ಶಿಡ್ಲಘಟ್ಟದಲ್ಲಿ ನಮ್ಮ ಮನೆಯ ಹಿಂದೆಯೇ ರೇಷ್ಮೆ ನೂಲು ತೆಗೆಯುವ ಘಟಕವಿದೆ. ಮುನಿಯಮ್ಮ ಅಲ್ಲಿ ಕೆಲಸಕ್ಕಿದ್ದವರು. ನೂಲು ಬಿಚ್ಚಿದ ಮೇಲೆ ಗೂಡಿನೊಳಗೆ ಬೆಂದ ಹುಳು ಉಳಿಯುತ್ತದಲ್ಲ, ಅದನ್ನು ಬುಟ್ಟಿಯಲ್ಲಿ ತುಂಬಿ ಹಿತ್ತಲಿಗೆ ಸುರಿಯುವುದು ಅವರ ಬೆಳಗಿನ ಕೆಲಸ. ಆಕಾಶದಲ್ಲಿ ಹದ್ದುಗಳ ಜಾತ್ರೆ. ಉಳಿದವು ಸುರಿಯುವ ತನಕ ಕಾಯುತ್ತವೆ. ಒಂದು ಮಾತ್ರ ಕಾಯುವುದಿಲ್ಲ. ಘಟಕದ ಶೀಟಿನ ಮಾಡಿನ ಮೇಲಿಂದ ಜಾರಿ, ಅವರ ಹೆಗಲು ಸವರಿ, ಸೊಂಟದ ಬುಟ್ಟಿಗೇ ಉಗುರು ಹಾಕಿ ಪರಾರಿ! ‘ಕಳ್ಳ ನನ್ಮಗನೇ!’ ಎಂದು ಅವರು ಬೈಯುವುದು ನಮ್ಮ ಮನೆಗೆ ಅಲಾರಂ.

ಮಗಳ ಬಾಣಂತನಕ್ಕೆಂದು ಅವರು ಕೆಂಚಾರ್ಲಹಳ್ಳಿಗೆ ಹೊರಟಿದ್ದರು. ‘ಇನ್ ಬರಲ್ಲ ಸಾರ್. ಅಲ್ಲೇ ಹುಳ ಮೇಯಿಸ್ಕಂಡು ಇದ್ಬಿಡ್ತೀನಿ. ಕಳ್ಳಂದು ಒಂದು ಫೋಟೋ ತೆಕ್ಕೊಡಿ, ಸಾಕು’ ಎಂದಿದ್ದರು.

ನನ್ನದು ಸೆಕೆಂಡ್‌ಹ್ಯಾಂಡ್ ಕ್ಯಾಮೆರಾ. ಆದರೆ ಸಿದ್ಧಾಂತ ಗಟ್ಟಿ: ಹಕ್ಕಿಯೆಂದರೆ ಶಟರ್ ಸೆಕೆಂಡಿನ ಸಾವಿರದಲ್ಲೊಂದು ಭಾಗ ಮಾತ್ರ ತೆರೆದಿರಬೇಕು. ಆಗ ಎಲ್ಲವೂ ಸ್ತಬ್ಧ. ರೆಕ್ಕೆ ಇದ್ದಲ್ಲೇ, ಉಗುರು ಇದ್ದಲ್ಲೇ. ಯಾವುದೂ ಎಲ್ಲಿಗೂ ಹೋಗುವುದಿಲ್ಲ. ದಿನವಿಡೀ ಚಿಂತಿಸುವವನಿಗೆ ಇದಕ್ಕಿಂತ ನೆಮ್ಮದಿ ಉಂಟೇ?

ಮೂರನೆಯ ಭಾನುವಾರ ಸಿಕ್ಕಿತು. ಒಂದೊಂದು ಗರಿಯೂ ಸ್ಪಷ್ಟ. ಅಷ್ಟರಲ್ಲಿ ಮೋಡ. ಬೆಳಕು ಸಾಲದೆ ಶಟರನ್ನು ಸೆಕೆಂಡಿನ ಮೂವತ್ತರಲ್ಲೊಂದಕ್ಕೆ ಇಳಿಸಿ, ಹದ್ದಿನ ಜೊತೆ ಕ್ಯಾಮೆರಾವನ್ನೂ ತಿರುಗಿಸುತ್ತಾ ಕೊನೆಯದೊಂದು ಒತ್ತಿದೆ. ರೋಲ್ ಮುಗಿಸಬೇಕಲ್ಲ, ಅದಕ್ಕೆ.

ಈಗ ಮುನಿಯಮ್ಮ ಹೀಗೆ!

‘ನಿಮ್ಮದೇ ಕಣಮ್ಮ! ನಿಮ್ಮ ಬುಟ್ಟಿಗೇ ಬಂದಿದ್ದು’ ಎಂದೆ.

‘ನಮ್ದು ಯಾವತ್ತು ಹಿಂಗೆ ನಿಂತಿತ್ತು ಸಾರ್? ಇದು ಯಾರೋ ದಾರ ಕಟ್ಟಿ ತೂಗಾಕ್ದಂಗೈತೆ.’

ಹೌದಲ್ಲ! ಇಷ್ಟು ವರ್ಷದಲ್ಲಿ ಅವರು ಆ ಹದ್ದನ್ನು ಒಂದು ರೆಪ್ಪೆ ಬಡಿತಕ್ಕಿಂತ ಹೆಚ್ಚು ಹೊತ್ತು ನೋಡಿಲ್ಲ. ಕಂಬದ ಮೇಲೆ ಕೂತರೆ ಅದು ನೂರರಲ್ಲೊಂದು. ಅವರಿಗೆ ಗೊತ್ತಿರುವುದು ಕಿವಿ ಪಕ್ಕದ ಗಾಳಿ, ಆ ವಾಲು, ಸುಯ್ ಎಂದು ಹೋದ ಒಂದು ಕಪ್ಪು. ಯಾವ ಕಣ್ಣೂ ಕಾಣದ ಹದ್ದನ್ನು ಹಿಡಿದು ತಂದು ‘ಗುರುತು ಹಿಡಿಯಿರಿ’ ಎಂದರೆ ಹೇಗೆ?

ಸ್ಟುಡಿಯೋಗೆ ಓಡಿದೆ. ಕಪ್ಪುಬಿಳುಪು ರೋಲ್ ಆದ್ದರಿಂದ ನಜೀರ್ ಭಾಯ್ ಅಲ್ಲೇ ತೊಳೆದು ಅಲ್ಲೇ ಪ್ರಿಂಟ್ ಹಾಕುತ್ತಾರೆ.

‘ಕೊನೇದು ಯಾಕೆ ಪ್ರಿಂಟ್ ಹಾಕಿಲ್ಲ?’

‘ಶೇಕ್ ಆಗೈತೆ ಸಾರ್. ನಾನೇ ಬಿಟ್ಬಿಟ್ಟೆ.’

‘ಅದನ್ನೇ ದೊಡ್ಡದು ಮಾಡಿ.’

ಜ್ವರ ಬಂದಿದೆಯೇ ಎಂಬಂತೆ ಅವರು ನನ್ನ ಮುಖ ನೋಡಿದರು. ‘ಮದುವೆ ಮನೇಗೆ ಇಂಥದ್ದು ಕೊಟ್ರೆ ನನ್ನ ಹೊಡೀತಾರೆ.’

‘ಇದು ಮದುವೆ ಅಲ್ಲ ಭಾಯ್.’

‘ಆಯ್ತು ಸಾರ್. ಎಲ್ಲಿ ಮಾಡ್ಸಿದ್ದು ಅಂತ ಯಾರಾನಾ ಕೇಳಿದ್ರೆ, ಚಿಂತಾಮಣೀಲಿ ಅಂದ್ಬಿಡಿ.’

ಅವರು ಊರಿಗೆ ಹೊರಡುವ ಶುಕ್ರವಾರ ಪ್ರಿಂಟ್ ಹಿಡಿದು ಬಸ್‌ಸ್ಟ್ಯಾಂಡಿಗೆ ಹೋದೆ. (ಬಸ್ ಹೊರಟುಹೋಗಿದೆ, ಪ್ರಿಂಟಿಗೆ ಬೆವರು ಮೆತ್ತಿದೆ, ಅವರು ಇದನ್ನೂ ಒಲ್ಲೆ ಎನ್ನುತ್ತಾರೆ. ದಾರಿಯುದ್ದಕ್ಕೂ ಈ ಮೂರು ಚಿಂತೆ.) ಬಸ್ ನಿಂತಿತ್ತು. ಮುನಿಯಮ್ಮ ಕಿಟಕಿ ಪಕ್ಕ ಕೂತಿದ್ದರು.

ಫೋಟೋದಲ್ಲಿ ಹಿಂದಿನ ಘಟಕದ ಗೋಡೆಯೆಲ್ಲ ಎಳೆಎಳೆಯಾಗಿ ಹರಿದಿತ್ತು. ನಡುವೆ ಓರೆಯಾಗಿ ಒಂದು ಕಪ್ಪು ಬೀಸು. ರೆಕ್ಕೆ ಎಲ್ಲಿ, ಬಾಲ ಎಲ್ಲಿ, ಹೇಳುವಂತಿಲ್ಲ. ಮುನಿಯಮ್ಮ ನೋಡಿದರು. ಅವರ ಎಡ ಹೆಗಲು ತಂತಾನೇ ತಗ್ಗಿತು.

‘ಅಯ್ಯೋ ಕಳ್ಳ!’ ಎಂದು ಪಕ್ಕದ ಸೀಟಿನ ಹೆಂಗಸಿಗೆ ತೋರಿಸಿದರು. ‘ನೋಡಕ್ಕ, ಹಿಂಗೇ ಬರೋದು!’

ಆ ಅಕ್ಕನಿಗೆ ಏನು ಕಂಡಿತೋ ದೇವರಿಗೇ ಗೊತ್ತು. ನನಗಂತೂ ಅಂದು ಬೇರೆ ಚಿಂತೆ ಉಳಿಯಲಿಲ್ಲ.

ಬಸ್ ಸ್ಟಾರ್ಟ್ ಆಯಿತು. ಮುನಿಯಮ್ಮ ಕಿಟಕಿಯಿಂದ ಬಗ್ಗಿ ಕೇಳಿದರು: ‘ಸಾರ್, ಇದು ಬುಟ್ಟಿಗೆ ಬರ್ತಾ ಇರೋದಾ, ಎತ್ಕಂಡು ಹೋಗ್ತಾ ಇರೋದಾ?’

ತೆಗೆದವನು ನಾನೇ. ಆದರೂ ಗೊತ್ತಾಗಲಿಲ್ಲ. ಹಾಗೆಂದೇ ಹೇಳಿದೆ.

‘ಹಂಗಾದ್ರೆ ಬರ್ತಾ ಇರೋದು ಅಂತ ಇಟ್ಕಂತೀನಿ ಬಿಡಿ!’

ಗರಿಗರಿಯೂ ಸ್ಪಷ್ಟವಾದ ಆ ಮೊದಲ ಫೋಟೋ ನಮ್ಮ ಮನೆಯ ಗೋಡೆಯ ಮೇಲಿದೆ. ಬಂದವರೆಲ್ಲ ‘ವಾಹ್’ ಎಂದು ಕಾಫಿ ಕುಡಿದು ಹೋಗುತ್ತಾರೆ, ಏನನ್ನೂ ಕೇಳುವುದಿಲ್ಲ. ಕೇಳುವುದಕ್ಕೆ ಅದರಲ್ಲಿ ಉಳಿದಿರುವುದಾದರೂ ಏನು?